‘ಇಳಿಯುವುದಿಲ್ಲ’ ಎನ್ನಲು ಕಲಿಸುವ ತರಬೇತಿ ಬೇಕು

2022ರ ಏಪ್ರಿಲ್ 17ರಂದು ಮಂಗಳೂರು ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ತೊಟ್ಟಿಯಲ್ಲಿ ಕಾರ್ಮಿಕನೊಬ್ಬ ಕುಸಿದುಬಿದ್ದ. ಅವನನ್ನು ಮೇಲೆತ್ತಲು ಜತೆಗಾರರು ಇಳಿದರು, ಅವರೂ ಬಿದ್ದರು. ಒಟ್ಟು ಐವರು ಪ್ರಾಣ ಕಳೆದುಕೊಂಡರು. ಐವರೂ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದವರು. ಅಪರೂಪದ ದುರ್ಘಟನೆ ಎಂದು ಇದನ್ನು ಬದಿಗಿಡುವಂತಿಲ್ಲ. ಇಂಥ ಮುಚ್ಚಿದ ಜಾಗಗಳಲ್ಲಿ ಸಾಯುವವರ ಪೈಕಿ ಶೇ 60ಕ್ಕಿಂತ ಹೆಚ್ಚು ಮಂದಿ ಇನ್ನೊಬ್ಬರನ್ನು ಉಳಿಸಲು ಹೋದವರು ಎಂದು ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ 1986ರಲ್ಲೇ ಎಚ್ಚರಿಸಿತ್ತು. ಸಾವಯವ ತ್ಯಾಜ್ಯ ಕೊಳೆತಾಗ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಮೊದಲಿಗೆ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಪ್ರಮಾಣ ಏರಿದಂತೆ ಮೂಗೇ ಮರಗಟ್ಟಿ ವಾಸನೆ ತಿಳಿಯದಾಗುತ್ತದೆ. ವಾಸನೆ ಹೋಯಿತು, ಇನ್ನು ಇಳಿಯಬಹುದು ಎಂದುಕೊಂಡವನು ಕೆಲವೇ ಉಸಿರಿನಲ್ಲಿ ಪ್ರಜ್ಞೆ ತಪ್ಪಬಹುದು. ಜತೆಗಾರ ಬಿದ್ದಾಗ ಕೈ ಚಾಚುವುದು ಮನುಷ್ಯನ ಸಹಜ ಗುಣ. ಆ ಗುಣವೇ ಕೊಲ್ಲುವ ಜಾಗವೊಂದಿದೆ ಎಂಬುದು ತಾನಾಗಿ ಹೊಳೆಯುವ ಸಂಗತಿಯಲ್ಲ. ಅದನ್ನು ಕಲಿಸಬೇಕು, ಕಲಿಸಿದ್ದನ್ನು ಅಭ್ಯಾಸ ಮಾಡಿಸಬೇಕು.

ಕಾನೂನಿನಲ್ಲಿ ಇದಕ್ಕೆ ಕೊರತೆ ಇತ್ತೆಂದು ಹೇಳಲಾಗದು. ವಿಷಾನಿಲದ ಅಪಾಯವಿರುವ ತೊಟ್ಟಿಗೆ ಇಳಿಯುವ ಮುನ್ನ ಒಳಗಿನ ಗಾಳಿಯನ್ನು ಪರೀಕ್ಷಿಸಿ ಅರ್ಹ ವ್ಯಕ್ತಿ ಲಿಖಿತ ಪ್ರಮಾಣಪತ್ರ ಕೊಟ್ಟಿರಬೇಕು, ಇಲ್ಲವೇ ಇಳಿಯುವವರು ಉಸಿರಾಟದ ಉಪಕರಣ ತೊಟ್ಟು, ಸೊಂಟದ ಪಟ್ಟಿಗೆ ಕಟ್ಟಿದ ಹಗ್ಗದ ತುದಿಯನ್ನು ಹೊರಗೆ ನಿಂತವರ ಕೈಯಲ್ಲಿ ಕೊಟ್ಟಿರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 36ನೇ ಸೆಕ್ಷನ್ ಹೇಳಿತ್ತು. ಭೋಪಾಲ್ ಅನಿಲ ದುರಂತದ ಬಳಿಕ 1987ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ಅಪಾಯದ ಮಾಹಿತಿ ಕೇಳುವ ಮತ್ತು ತರಬೇತಿ ಪಡೆಯುವ ಹಕ್ಕನ್ನೂ ಕಾರ್ಮಿಕರಿಗೆ ಕೊಡಲಾಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯೂ ತರಬೇತಿಯನ್ನು ಮಾಲೀಕರ ಕರ್ತವ್ಯವೆಂದೇ ಹೇಳುತ್ತದೆ. ಹೀಗಿದ್ದೂ ಎಷ್ಟೋ ಕಾರ್ಖಾನೆಗಳಲ್ಲಿ ತರಬೇತಿ ಎಂದರೆ ಸೇರಿದ ದಿನ ಒಂದು ವಿಡಿಯೊ, ರಿಜಿಸ್ಟರಿನಲ್ಲಿ ಒಂದು ಸಹಿ, ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದಂದು ಒಂದು ಪ್ರತಿಜ್ಞೆ. ಆ ಸಹಿ ಕಾರ್ಮಿಕನನ್ನು ಕಾಪಾಡುವುದಿಲ್ಲ. ಅಪಘಾತವಾದ ಮೇಲೆ ‘ಹೇಳಿಕೊಟ್ಟಿದ್ದೆವು, ಅವನೇ ಪಾಲಿಸಲಿಲ್ಲ’ ಎನ್ನಲು ಆಡಳಿತ ವರ್ಗಕ್ಕೆ ಒದಗುವ ದಾಖಲೆಯಾಗಿ ಅದು ಉಳಿಯುತ್ತದೆ. ತರಬೇತಿಯನ್ನು ಹಾಜರಾತಿಯಿಂದ ಅಳೆಯುವುದನ್ನು ನಿಲ್ಲಿಸಬೇಕು. ಅಪಾಯ ಕಂಡ ಕಾರ್ಮಿಕ ಅದನ್ನು ಗುರುತಿಸಿ ಕೆಲಸ ನಿಲ್ಲಿಸಬಲ್ಲನೇ, ನಿಲ್ಲಿಸಿದರೆ ಅವನ ಕೂಲಿ ಮತ್ತು ಕೆಲಸ ಉಳಿಯುತ್ತವೆಯೇ ಎಂಬುದರಿಂದ ಅಳೆಯಬೇಕು.

ಪರಿಸ್ಥಿತಿ ಅಷ್ಟೇನೂ ಕೆಟ್ಟಿಲ್ಲ ಎನ್ನುವವರು ಸರ್ಕಾರದ ಅಂಕಿಗಳನ್ನೇ ಮುಂದಿಡುತ್ತಾರೆ. ಆ ಅಂಕಿಗಳನ್ನು ಕೊಂಚ ನಿಧಾನವಾಗಿ ಓದಬೇಕು. 2017ರಿಂದ 2020ರವರೆಗೆ ದೇಶದ ನೋಂದಾಯಿತ ಕಾರ್ಖಾನೆಗಳಲ್ಲಿ ದಿನಕ್ಕೆ ಸರಾಸರಿ ಮೂವರು ಸತ್ತರು, ಹನ್ನೊಂದು ಮಂದಿ ಗಾಯಗೊಂಡರು. ಅಂದರೆ ಒಂದು ಸಾವಿಗೆ ಹೆಚ್ಚುಕಡಿಮೆ ನಾಲ್ಕು ಗಾಯ. ಬ್ರಿಟನ್ನಿನಲ್ಲಿ 2023-24ರಲ್ಲಿ ಕೆಲಸದ ಸ್ಥಳದ ಅಪಘಾತಗಳಿಂದ ಸತ್ತ ಕಾರ್ಮಿಕರು 138. ಮಾಲೀಕರೇ ವರದಿ ಮಾಡಿದ ಗಾಯದ ಪ್ರಕರಣಗಳು 61 ಸಾವಿರಕ್ಕೂ ಹೆಚ್ಚು. ಅಲ್ಲಿ ಒಂದು ಸಾವಿಗೆ ನಾನೂರಕ್ಕೂ ಮಿಕ್ಕಿ ಗಾಯಗಳಿವೆ. ಎರಡು ದೇಶಗಳ ಲೆಕ್ಕದ ಕ್ರಮ ಬೇರೆ ಎಂಬುದನ್ನು ಒಪ್ಪಿದರೂ ಇಷ್ಟೊಂದು ಅಂತರಕ್ಕೆ ಒಂದೇ ವಿವರಣೆ ಸಾಧ್ಯ: ನಮ್ಮಲ್ಲಿ ಸಾವನ್ನು ಮುಚ್ಚಿಡುವುದು ಕಷ್ಟ, ತುಂಡಾದ ಬೆರಳನ್ನು ಮುಚ್ಚಿಡುವುದು ಸುಲಭ. ಲೆಕ್ಕಕ್ಕೇ ಬಾರದ ಗಾಯದಿಂದ ಯಾರೂ ಪಾಠ ಕಲಿಯುವುದಿಲ್ಲ. ಯಾವ ಯಂತ್ರ, ಯಾವ ಪಾಳಿ, ಯಾವ ಕೆಲಸದಲ್ಲಿ ಕೈ ಹೋಗುತ್ತಿದೆ ಎಂಬುದು ತಿಳಿಯದ ಕಡೆ ಎಲ್ಲರಿಗೂ ಒಂದೇ ‘ಎಚ್ಚರಿಕೆಯಿಂದಿರಿ’ ಎಂಬ ಪಾಠವೇ ಗತಿ.

ತರಬೇತಿಯಿಂದ ನಿಜಕ್ಕೂ ಪ್ರಯೋಜನವಿದೆಯೇ ಎಂದು ಕೇಳುವುದು ನ್ಯಾಯವೇ. 2006ರಲ್ಲಿ ‘ಅಮೆರಿಕನ್ ಜರ್ನಲ್ ಆಫ್ ಪಬ್ಲಿಕ್ ಹೆಲ್ತ್’ನಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ 1971ರಿಂದ 2003ರವರೆಗಿನ 95 ಅಧ್ಯಯನಗಳನ್ನು, ಸುಮಾರು 21 ಸಾವಿರ ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿತು. ಉಪನ್ಯಾಸ, ವಿಡಿಯೊ, ಕರಪತ್ರಗಳಿಗಿಂತ, ಮಾಡಿ ತೋರಿಸಿ ಕಾರ್ಮಿಕರ ಕೈಯಿಂದಲೇ ಮಾಡಿಸಿ ತಿದ್ದುವ ತರಬೇತಿಯಿಂದ ದಕ್ಕುವ ತಿಳಿವಳಿಕೆ ಸುಮಾರು ಮೂರು ಪಟ್ಟು ಎಂಬುದು ಅದರ ತೀರ್ಮಾನ. 2012ರಲ್ಲಿ ಕೆನಡಾದ ಸಂಶೋಧಕರು ನಡೆಸಿದ ಇನ್ನೊಂದು ಪರಾಮರ್ಶೆ ಎಚ್ಚರಿಕೆಯ ಮಾತನ್ನೂ ಹೇಳಿತು: ತರಬೇತಿಯಿಂದ ಕಾರ್ಮಿಕರ ನಡವಳಿಕೆ ಬದಲಾಗುತ್ತದೆ ಎಂಬುದಕ್ಕೆ ಬಲವಾದ ಪುರಾವೆ ಇದೆ, ಆದರೆ ಬರೀ ತರಬೇತಿಯಿಂದಲೇ ಗಾಯ, ಕಾಯಿಲೆಗಳು ಇಳಿಯುತ್ತವೆ ಎನ್ನಲು ಸಾಕಷ್ಟು ಪುರಾವೆ ಇಲ್ಲ. ಎರಡನ್ನೂ ಜತೆಗಿಟ್ಟು ಓದಿದರೆ, ನಮ್ಮಲ್ಲಿ ಹೆಚ್ಚು ಚಾಲ್ತಿಯಲ್ಲಿರುವ ಬಗೆಯ ತರಬೇತಿಯೇ ಅತ್ಯಂತ ನಿಷ್ಪ್ರಯೋಜಕವಾದದ್ದು ಎಂಬುದು ಸ್ಪಷ್ಟವಾಗುತ್ತದೆ.

ಕಾರ್ಮಿಕ ಸಂಘಟನೆಗಳಿಂದ ಬರುವ ಆಕ್ಷೇಪ ಇಲ್ಲಿಂದಲೇ ಹುಟ್ಟುತ್ತದೆ. ತರಬೇತಿಯ ಮಾತೆತ್ತುವುದೇ ತಪ್ಪನ್ನು ಕಾರ್ಮಿಕರ ತಲೆಗೆ ಕಟ್ಟುವ ಉಪಾಯ, ಮೊದಲು ಯಂತ್ರವನ್ನು ಸರಿಪಡಿಸಿ ಎಂದು ಅವರು ಹೇಳುತ್ತಾರೆ. ಅವರ ಮಾತಿನಲ್ಲಿ ಬಹುಪಾಲು ಸತ್ಯವಿದೆ. ಅಪಾಯವನ್ನೇ ತೆಗೆದುಹಾಕುವುದು ಮೊದಲು, ಯಂತ್ರಕ್ಕೆ ಗಾರ್ಡ್ ಹಾಕುವುದು ಅನಂತರ, ಹೆಲ್ಮೆಟ್ಟು ಕೈಗವಸುಗಳದು ಕಟ್ಟಕಡೆಯ ಸ್ಥಾನ. ಸುರಕ್ಷತಾ ಶಾಸ್ತ್ರವೂ ಇದನ್ನೇ ಹೇಳುತ್ತದೆ. ಪವರ್ ಪ್ರೆಸ್ಸಿನ ಉದಾಹರಣೆ ನೋಡಿ. ಎರಡೂ ಕೈಯಿಂದ ಎರಡು ಗುಂಡಿ ಒತ್ತಿದರೆ ಮಾತ್ರ ಪ್ರೆಸ್ ಇಳಿಯುವಂತೆ ಮಾಡುವುದೇ, ಯಾವ ಕೈಯೂ ಡೈ ಕೆಳಗೆ ಸಿಗಬಾರದೆಂದು. ಉತ್ಪಾದನೆಯ ಟಾರ್ಗೆಟ್ ಏರಿದಾಗ ಒಂದು ಗುಂಡಿಯನ್ನು ಸದಾ ಒತ್ತಿದಂತೆ ಕಟ್ಟಿ, ಒಂದೇ ಕೈಯಿಂದ ಯಂತ್ರ ನಡೆಸುವ, ಇನ್ನೊಂದು ಕೈಯಿಂದ ತಗಡು ಜೋಡಿಸುವ ಪರಿಪಾಠ ಶುರುವಾಗುತ್ತದೆ. ಹೀಗೆ ಕಟ್ಟಿದ ಯಂತ್ರದ ಮುಂದೆ ಹೊಸಬನನ್ನು ನಿಲ್ಲಿಸಿ ‘ಹುಷಾರಾಗಿ ಮಾಡು’ ಎನ್ನುವುದು ತರಬೇತಿಯಲ್ಲ. ಹಾಗೆಂದು ಗಾರ್ಡ್ ಒಂದಿದ್ದರೆ ಸಾಕೆನ್ನುವುದೂ ಸರಿಯಲ್ಲ. ಗಾರ್ಡ್ ಇದ್ದಲ್ಲೇ ಇರಬೇಕಾದರೆ, ಅದನ್ನು ಬಿಚ್ಚಲು ಸೂಪರ್‌ವೈಸರ್ ಹೇಳಿದಾಗ ಏಕೆ ಬಿಚ್ಚಬಾರದು, ಬಿಚ್ಚಿದ್ದನ್ನು ಯಾರಿಗೆ ತಿಳಿಸಬೇಕು ಎಂಬುದು ಆ ಯಂತ್ರ ನಡೆಸುವವರಿಗೆ ಗೊತ್ತಿರಬೇಕು. ಯಂತ್ರದ ಸುರಕ್ಷತೆಯನ್ನು ದಿನವೂ ಕಾಯುವವರು ಅದರ ಮುಂದೆ ನಿಂತವರೇ.

ಅಪಘಾತ ಕಣ್ಣಿಗೆ ಕಾಣುತ್ತದೆ, ಕಾಯಿಲೆ ಕಾಣುವುದಿಲ್ಲ. ಜಗತ್ತಿನಲ್ಲಿ ವರ್ಷಕ್ಕೆ 29.3 ಲಕ್ಷ ಜನ ಕೆಲಸಕ್ಕೆ ಸಂಬಂಧಿಸಿದ ಕಾರಣಗಳಿಂದ ಸಾಯುತ್ತಾರೆ, ಅವರಲ್ಲಿ 26 ಲಕ್ಷ ಮಂದಿಯ ಸಾವಿಗೆ ಕಾಯಿಲೆಗಳೇ ಕಾರಣ ಎಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಂದಾಜು. ಕಲ್ಲು ಕೊರೆಯುವ, ಎರಕದ ಮರಳು ಜಾಡಿಸುವ ಕೆಲಸಗಾರರು ಪಾಳಿ ಮುಗಿಸಿ ಏರ್ ಗನ್ನಿನಿಂದ ಬಟ್ಟೆಯ ಧೂಳು ಊದಿಕೊಳ್ಳುತ್ತಾರೆ. ಸಿಲಿಕಾದ ಅತಿ ಸಣ್ಣ ಕಣಗಳು ಆಗಲೇ ಮತ್ತೆ ಗಾಳಿಗೇರಿ ಶ್ವಾಸಕೋಶ ಸೇರುತ್ತವೆ. ಬಟ್ಟೆ ಚೊಕ್ಕವಾಯಿತು ಎಂಬ ಸಮಾಧಾನದಲ್ಲಿ ಮನೆಗೆ ಹೋದವರಿಗೆ ವರ್ಷಗಳ ಬಳಿಕ ಏದುಸಿರು ಬಂದಾಗ ವೈದ್ಯರೂ ಅದನ್ನು ಕ್ಷಯವೆಂದು ಭಾವಿಸುವುದುಂಟು. ‘ಏನು ಕೆಲಸ ಮಾಡುತ್ತಿದ್ದಿರಿ’ ಎಂದು ಆಸ್ಪತ್ರೆಯಲ್ಲಿ ಯಾರೂ ಕೇಳದಿದ್ದರೆ, ತಾನೇ ಹೇಳಬೇಕೆಂಬ ತಿಳಿವಳಿಕೆ ಕಾರ್ಮಿಕನಿಗಿರಬೇಕು. ಇದನ್ನು ಯಾವ ಗಾರ್ಡೂ ಕಲಿಸಲಾರದು.

ಯಾರಿಗೆ, ಯಾವ ಭಾಷೆಯಲ್ಲಿ ಎಂಬುದು ಮುಂದಿನ ಪ್ರಶ್ನೆ. ಸೂಚನಾ ಫಲಕಗಳು ಇಂಗ್ಲಿಷಿನಲ್ಲಿ ಮತ್ತು ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ ಇರಬೇಕೆಂದು ಹಳೆಯ ಕಾಯ್ದೆ ಹೇಳಿತ್ತು. ಪೀಣ್ಯ, ಬೊಮ್ಮಸಂದ್ರ, ಬೈಕಂಪಾಡಿಯ ಘಟಕಗಳಲ್ಲಿ ಇಂದು ಒಂದೇ ಪಾಳಿಯಲ್ಲಿ ಕನ್ನಡ, ಹಿಂದಿ, ಒಡಿಯಾ, ಬಂಗಾಳಿ ಮಾತಾಡುವವರು ಜತೆಯಾಗಿ ದುಡಿಯುತ್ತಾರೆ. ಬಹುಪಾಲಿನವರ ಭಾಷೆ ಎಂದು ಒಂದನ್ನು ಆರಿಸಿದ ಕ್ಷಣವೇ ಉಳಿದವರು ಅಪಾಯಕ್ಕೆ ಬೀಳುತ್ತಾರೆ. ಕನ್ನಡಕ್ಕಾಗಿ ದನಿ ಎತ್ತುವವರು ಇದನ್ನು ಕನ್ನಡದ ವಿರುದ್ಧದ ಮಾತೆಂದು ತಿಳಿಯಬೇಕಿಲ್ಲ. ನಮ್ಮ ಹಳ್ಳಿಗಳಿಂದ ಬಂದವರಿಗೂ ಇಂಗ್ಲಿಷ್ ಫಲಕ ಅಷ್ಟೇ ಅಪರಿಚಿತ. ಬದುಕಿಸುವ ಮಾತು ಕೇಳುವವರ ಭಾಷೆಯಲ್ಲೇ ಇರಬೇಕೆಂಬ ತತ್ತ್ವ ಎಲ್ಲರಿಗೂ ಒಂದೇ. ಹೊಸ ಸಂಹಿತೆಯಲ್ಲಿ ಇನ್ನೊಂದು ಕಂಡಿಯೂ ಇದೆ. ವಿದ್ಯುತ್ ಬಳಸುವ ಘಟಕ ‘ಕಾರ್ಖಾನೆ’ ಎನಿಸಿಕೊಳ್ಳಲು ಮೊದಲು 10 ಕಾರ್ಮಿಕರಿದ್ದರೆ ಸಾಕಿತ್ತು, ಈಗ 20 ಬೇಕು. ಇಕ್ಕಟ್ಟಿನ ಶೆಡ್ಡಿನಲ್ಲಿ ಹಳೆಯ ಪ್ರೆಸ್ ಇಟ್ಟುಕೊಂಡ ಎಷ್ಟೋ ಘಟಕಗಳು ಈ ಗೆರೆಯ ಕೆಳಗಿವೆ.

ಸಣ್ಣ ಉದ್ಯಮಿಗಳ ಅಳಲನ್ನು ತಳ್ಳಿಹಾಕಲಾಗದು. ಇಂದು ಬಂದ ಗುತ್ತಿಗೆ ಕಾರ್ಮಿಕ ಮುಂದಿನ ತಿಂಗಳು ಇರುವುದಿಲ್ಲ, ಅವನಿಗೆ ದಿನಗಟ್ಟಲೆ ಕಲಿಸಿ ಕೂಲಿಯನ್ನೂ ಕೊಟ್ಟರೆ ನಮಗೇನು ಉಳಿಯುತ್ತದೆ ಎಂದು ಅವರು ಕೇಳುತ್ತಾರೆ. ಪ್ರತಿಯೊಂದು ಘಟಕವೂ ಪ್ರತ್ಯೇಕವಾಗಿ ಕಲಿಸಬೇಕೆಂದರೆ ಲೆಕ್ಕ ಕೂಡುವುದಿಲ್ಲ ನಿಜ. ಕೈಗಾರಿಕಾ ಪ್ರದೇಶಕ್ಕೊಂದು ಸಾಮೂಹಿಕ ತರಬೇತಿ ಅಂಗಳ ಇದ್ದು, ಅಲ್ಲಿ ಒಂದು ನಿಜವಾದ ಪ್ರೆಸ್, ಒಂದು ಖಾಲಿ ತೊಟ್ಟಿ, ಒಂದು ವಿದ್ಯುತ್ ಪ್ಯಾನೆಲ್ ಇಟ್ಟು ಕೈಯಾರೆ ಮಾಡಿಸಿ ಕಲಿಸಿದರೆ, ಅಲ್ಲಿ ಪಡೆದ ಕಾರ್ಡು ಕಾರ್ಮಿಕನ ಜತೆಗೇ ಮುಂದಿನ ಘಟಕಕ್ಕೂ ಹೋಗುತ್ತದೆ. ಕೆಲಸ ಬದಲಾಯಿಸುವವನಿಗೆ ಕಲಿಸಿದ್ದು ಆಗ ಯಾವ ಮಾಲೀಕನಿಗೂ ನಷ್ಟವಾಗದು. ಇಎಸ್ಐಗೆ ಸಂಬಳದ ಶೇ 3.25ರಷ್ಟನ್ನು ಮಾಲೀಕರು, ಶೇ 0.75ರಷ್ಟನ್ನು ಕಾರ್ಮಿಕರು ಈಗಾಗಲೇ ಕಟ್ಟುತ್ತಿದ್ದಾರೆ. ಬೆರಳು ಹೋದ ಮೇಲೆ ಜೀವನವಿಡೀ ಪಿಂಚಣಿ ಕೊಡುವುದು ಆ ನಿಧಿಯೇ. ಅದರ ಒಂದು ಪಾಲನ್ನು ಬೆರಳು ಉಳಿಸಲು ಖರ್ಚು ಮಾಡುವುದರಲ್ಲಿ ಅತಿಯಾದದ್ದು ಏನೂ ಇಲ್ಲ.

ಇಷ್ಟೆಲ್ಲ ಕಲಿತ ಮೇಲೂ ಕಾರ್ಮಿಕ ‘ಇಳಿಯುವುದಿಲ್ಲ’ ಎಂದರೆ ಏನಾಗುತ್ತದೆ? ಗಂಭೀರ ಅಪಾಯದ ಶಂಕೆ ಬಂದಾಗ ಮಾಲೀಕರಿಗೂ ಇನ್‌ಸ್ಪೆಕ್ಟರಿಗೂ ತಿಳಿಸುವ ಹಕ್ಕನ್ನು ನಮ್ಮ ಕಾನೂನು ಕೊಡುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 155ನೇ ಒಡಂಬಡಿಕೆ ಇನ್ನೂ ಒಂದು ಹೆಜ್ಜೆ ಮುಂದಿದೆ: ಪ್ರಾಣಾಪಾಯವಿದೆ ಎಂದು ಸಕಾರಣವಾಗಿ ನಂಬಿ ಜಾಗ ಬಿಟ್ಟುಬಂದ ಕಾರ್ಮಿಕನಿಗೆ ಶಿಕ್ಷೆಯಾಗಬಾರದು ಎನ್ನುತ್ತದೆ. ಈ ಹಕ್ಕು ದುರುಪಯೋಗವಾಗುತ್ತದೆ, ಸಣ್ಣಪುಟ್ಟದಕ್ಕೂ ಕೆಲಸ ನಿಲ್ಲುತ್ತದೆ ಎಂಬ ಭಯ ಉದ್ಯಮಿಗಳಿಗಿದೆ. ದಿನಗೂಲಿಯನ್ನೇ ನೆಚ್ಚಿಕೊಂಡವರು ಸುಮ್ಮನೆ ಕೆಲಸ ಬಿಟ್ಟು ಕೂರುವುದಿಲ್ಲ. ಅಪಾಯ ಕಂಡರೂ ತುಟಿ ಬಿಚ್ಚದೆ ಇಳಿಯುವುದೇ ನಮ್ಮ ಕಾರ್ಖಾನೆಗಳ ನಿಜವಾದ ಸಮಸ್ಯೆ. ಸಂಹಿತೆಯಡಿ ನಿಯಮ ರೂಪಿಸುವ ಅಧಿಕಾರ ರಾಜ್ಯಗಳಿಗೂ ಇರುವುದರಿಂದ, ತರಬೇತಿಯ ಹೊತ್ತಿಗೆ ಪೂರ್ಣ ಕೂಲಿ, ಗುತ್ತಿಗೆ ಕಾರ್ಮಿಕರಿಗೂ ಅದೇ ತರಬೇತಿ, ನಿಲ್ಲಿಸಿದವರಿಗೆ ರಕ್ಷಣೆ ಎಂಬ ಮೂರನ್ನೂ ಕರ್ನಾಟಕ ಕಾನೂನಿನ ಚೌಕಟ್ಟಿನೊಳಗೆ ಬರೆಯಲು ಮುಂದಾಗಬೇಕು. ಕಾರ್ಖಾನೆಗಳ ಇಲಾಖೆಯ ಅಧಿಕಾರಿಗಳು ತಪಾಸಣೆಗೆ ಹೋದಾಗ ರಿಜಿಸ್ಟರ್ ತೆರೆಯುವ ಮುನ್ನ ರಾತ್ರಿ ಪಾಳಿಯ ಇಬ್ಬರು ಗುತ್ತಿಗೆ ಕಾರ್ಮಿಕರನ್ನು ಅವರವರ ಯಂತ್ರದ ಮುಂದೆಯೇ, ಅವರವರ ಭಾಷೆಯಲ್ಲೇ ಕೇಳಲಿ: ಇದನ್ನು ತುರ್ತಾಗಿ ನಿಲ್ಲಿಸುವ ಸ್ವಿಚ್ ಎಲ್ಲಿದೆ, ಕೊನೆಯ ಬಾರಿ ನಿಲ್ಲಿಸಿದಾಗ ನಿಮಗೆ ಯಾರು ಏನಂದರು?