ಪೆಟ್ಟಿಗೆಗೂ ಮೊದಲು ಪಕ್ಕದ ಹೊಲದವರ ಮಾತು

ಹವ್ಯಾಸಕ್ಕೆ ಜೇನು ಸಾಕುವವರು ಮೊದಲು ಕೇಳುವುದು ಪೆಟ್ಟಿಗೆಯ ರೇಟು. ಮಕ್ತಲ್, ನಾರಾಯಣಪೇಟೆ, ಗದ್ವಾಲ ಸೀಮೆಯಲ್ಲಿ ಮೊದಲು ಕೇಳಬೇಕಾದದ್ದು ಪಕ್ಕದ ಹೊಲದವರು ಎಣ್ಣೆ ಹೊಡೆಯುವ ಹೊತ್ತು. ಹತ್ತಿಗೆ ಬೆಳಗ್ಗೆ ಹೊಡೆದರೆ ಹೂವಿಗೆ ಹೋದ ಹುಳ ಗೂಡಿಗೆ ವಾಪಸ್ ಬರೋದಿಲ್ಲ. ಸಂಜೆ ಹೊಡೆದರೆ ಬಹಳಷ್ಟು ಉಳಿಯುತ್ತವೆ. ‘ಅಣ್ಣಾ, ಹೊತ್ತು ಮುಳುಗಿದ ಮ್ಯಾಲೆ ಹೊಡೀರಿ’ ಎಂದು ಒಪ್ಪಿಸುವುದೇ ಅರ್ಧ ಕೆಲಸ.

ಹೆಜ್ಜೇನು ಪೆಟ್ಟಿಗೆಯಲ್ಲಿ ನಿಲ್ಲದು, ತುಡುವೆಯೇ ಬೇಕು. ತೊಗರಿ ಹೂವಾಡುವಾಗ ಎರಡು ಪೆಟ್ಟಿಗೆಯಿಂದ ಶುರು ಮಾಡಿದರೆ ಸಾಕು. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಡಬೇಕು. ಬೇಸಿಗೆಯಲ್ಲಿ ಬೇವಿನ ನೆರಳು, ಹತ್ತಿರದಲ್ಲಿ ನೀರು ಇರದಿದ್ದರೆ ಹುಳ ಪೆಟ್ಟಿಗೆ ಬಿಟ್ಟು ಹೋಗ್ತಾವ.

ಜೇನು ಸಾಕಣೆಗೆಂದು ಕೇಂದ್ರದ ಮಿಷನ್ 2020ರಲ್ಲೇ ಶುರುವಾಯಿತು. ಪೆಟ್ಟಿಗೆ ಹಂಚಿ ಫೋಟೊ ತೆಗೆಸಿಕೊಂಡರೆ ಆಗಲಿಲ್ಲ. ಹಂಚುವ ಮೊದಲು ಇಲಾಖೆಯವರು ಸುತ್ತಲಿನ ರೈತರನ್ನು ಕೂರಿಸಿ ಎಣ್ಣೆ ಹೊಡೆಯುವ ವೇಳೆ ಗೊತ್ತುಮಾಡಲಿ.