ನೆಡುತೋಪಿನ ವಿಜ್ಞಾನ ಕಾರ್ಖಾನೆಗೋ, ಗ್ರಾಮಕ್ಕೋ?

ನೆಡುತೋಪುಗಳನ್ನು ಇನ್ನು ಮುಂದೆ ವಿಜ್ಞಾನದ ನೆರವಿನಿಂದ "ಸುಸ್ಥಿರ"ವಾಗಿ ಬೆಳೆಸಬಹುದೆಂಬ ಮಾತು ಎಲ್ಲೆಡೆ ಕೇಳಿಬರುತ್ತಿದೆ. ಉಪಗ್ರಹ ಮೇಲಿನಿಂದ ನೋಡುತ್ತದೆ. ಡ್ರೋನು ಮರ ಎಣಿಸುತ್ತದೆ. ಕ್ಲೋನು ಸಸಿ ಬೇಗ ಬೆಳೆಯುತ್ತದೆ. ಇನ್ನೇನು ಬೇಕು ಎನ್ನುವವರಿಗೆ ನಮ್ಮದು ಒಂದೇ ಮರುಪ್ರಶ್ನೆ: ಈ ವಿಜ್ಞಾನಕ್ಕೆ ಯಜಮಾನ ಯಾರು?

ನಾವು ವಿಜ್ಞಾನದ ವಿರೋಧಿಗಳಲ್ಲ. ವಿಜ್ಞಾನ ಬೇಡವೆಂದರೆ ಬಡವನ ಪಾಲಿಗೆ ಉಳಿಯುವುದು ಹಣೆಬರಹ ಮಾತ್ರ. ವಿಜ್ಞಾನಿ ಕಂಡ ಸತ್ಯವನ್ನು ಕಪಾಟಿನಲ್ಲಿಟ್ಟು, ಕಾರ್ಖಾನೆಗೆ ಒಪ್ಪುವ ಲೆಕ್ಕವನ್ನಷ್ಟೇ ಹೊರಗೆ ತೆಗೆಯುವವರ ಮೇಲೆ ನಮ್ಮ ತಕರಾರು.

ನೀಲಗಿರಿಯ ವಿಷಯವನ್ನೇ ನೋಡೋಣ. 1980ರ ದಶಕದ ಕೊನೆಯಲ್ಲಿ ಭಾರತ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ನಮ್ಮ ರಾಜ್ಯದ ಹೊಸಕೋಟೆ, ದೇವಬಾಳ, ಪುರದಾಳುಗಳಲ್ಲಿ ಮಣ್ಣಿನ ತೇವವನ್ನೂ ಕಾಂಡದಲ್ಲಿ ಏರುವ ನೀರನ್ನೂ ಅಳೆದರು. ತೆಳುಮಣ್ಣಿನ ನೆಲದಲ್ಲಿ ನೀಲಗಿರಿ ಕುಡಿಯುವ ನೀರು ಅಲ್ಲಿನ ಕುರುಚಲು ಕಾಡು ಕುಡಿಯುವಷ್ಟೇ ಎಂದು ತಿಳಿಯಿತು. ಇದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ರಾಗಿ ಹೊಲಕ್ಕೆ ಹೋಲಿಸಿದರೆ ಅದು ಸುಮಾರು ಇಮ್ಮಡಿ. ಹೊಸಕೋಟೆಯ ಆಳಮಣ್ಣಿನಲ್ಲಂತೂ ಮೂರು ವರ್ಷ ಸುರಿದ ಮಳೆಗಿಂತಲೂ ಹೆಚ್ಚು ನೀರನ್ನು ಆ ಮರಗಳು ಎಳೆದಿದ್ದವು. ಬೇರು ವರ್ಷವರ್ಷವೂ ಕೆಳಗಿಳಿದು ಹಿಂದಿನ ಮಳೆಗಾಲಗಳ ಉಳಿಕೆಯನ್ನು ಹೀರುತ್ತಿತ್ತು. ಈ ಫಲಿತಾಂಶ 1990ರ ದಶಕದಲ್ಲೇ ಪ್ರಕಟವಾಯಿತು. ಹೊಸದಾಗಿ ನೀಲಗಿರಿ ನೆಡಬಾರದೆಂದು ಸರ್ಕಾರ ಆಜ್ಞೆ ಮಾಡಿದ್ದು 2017ರಲ್ಲಿ! ನಡುವಿನ ಸುಮಾರು ಇಪ್ಪತ್ತು ವರ್ಷ ವಿಜ್ಞಾನಕ್ಕೆ ಬಾಯಿರಲಿಲ್ಲವೇ? ಬಾಯಿತ್ತು, ಕೇಳುವ ಕಿವಿ ವಿಧಾನಸೌಧದಲ್ಲಿರಲಿಲ್ಲ.

ಉಪಗ್ರಹದ ಕಥೆಯೂ ಇಷ್ಟೆ. ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ನೆಲದಲ್ಲಿ ನೂರಕ್ಕೆ ಹತ್ತು ಪಾಲು ಮರದ ನೆರಳು ಕಂಡರೆ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಅದನ್ನು ಅರಣ್ಯ ಹೊದಿಕೆಯೆಂದು ಎಣಿಸುತ್ತದೆ. ಮರ ಯಾವುದು, ನೆಲ ಯಾರದು ಎಂಬ ಭೇದವಿಲ್ಲ. ನಂದಿ, ಮತ್ತಿ, ಹೊನ್ನೆಗಳಿದ್ದ ಕಾಡೂ ಅದೇ ಲೆಕ್ಕ. ದನ ಬಾಯಿ ಹಾಕದ ಅಕೇಶಿಯಾ ತೋಪೂ ಅದೇ ಲೆಕ್ಕ. ತಪ್ಪು ಯಂತ್ರದ ಕಣ್ಣಿನದಲ್ಲ, ಏನನ್ನು ನೋಡಬೇಕೆಂದು ಅದಕ್ಕೆ ಹೇಳಿಕೊಟ್ಟವರದು. ಸೊಪ್ಪಿನ ಬೆಟ್ಟ ಹೋಯಿತೆಂದು, ಬಾವಿ ಬತ್ತಿತೆಂದು, ಸೌದೆಗೆ ಹೋದ ಹೆಂಗಸು ಗಾರ್ಡಿನ ಬೈಗುಳ ತಿಂದು ಬಂದಳೆಂದು ಯಾವ ಉಪಗ್ರಹವೂ ವರದಿ ಮಾಡುವುದಿಲ್ಲ.

ಈ ಲೆಕ್ಕವನ್ನು ಜನರೇ ತಿದ್ದಿದ ಉದಾಹರಣೆ ನಮ್ಮಲ್ಲುಂಟು. 1984ರಲ್ಲಿ ಸರ್ಕಾರದ ಅರಣ್ಯ ಅಭಿವೃದ್ಧಿ ನಿಗಮವೂ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯೂ ಕೂಡಿ ಒಂದು ಕಂಪನಿ ಕಟ್ಟಿ, ಸುಮಾರು 30,000 ಹೆಕ್ಟೇರು ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿ ಬೆಳೆಸಹೊರಟವು. 1987ರ ನವೆಂಬರಿನಲ್ಲಿ, ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ರೈತರು "ಕಿತ್ತಿಕೋ–ಹಚ್ಚಿಕೋ" ಸತ್ಯಾಗ್ರಹ ಹೂಡಿದರು. ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಸಸಿ ನೆಟ್ಟರು. 1991ರಲ್ಲಿ ಆ ಕಂಪನಿಯನ್ನೇ ಮುಚ್ಚಲು ಸರ್ಕಾರ ಒಪ್ಪಬೇಕಾಯಿತು.

ಆದರೂ ಪಾಠ ಕಲಿತರೇ? ಭದ್ರಾವತಿಯ ಮೈಸೂರು ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಕಾರ್ಮಿಕರು ಕೆಲಸ ಕಳೆದುಕೊಂಡರು. 1980ರಲ್ಲಿ ಅದಕ್ಕೆ ಕೊಟ್ಟಿದ್ದ ಅರಣ್ಯಭೂಮಿಯ ಗುತ್ತಿಗೆ ಮುಗಿದಾಗ, 2020ರಲ್ಲಿ, ಸುಮಾರು 20,000 ಹೆಕ್ಟೇರನ್ನು ಮತ್ತೆ 40 ವರ್ಷಕ್ಕೆ ಕೊಡುವ ಆಜ್ಞೆ ಹೊರಟಿತು. ಯಂತ್ರ ತಿರುಗದ ಕಾರ್ಖಾನೆಗೆ ಮಲೆನಾಡಿನ ಕಾಡು! ಕಾಗದವೂ ಇಲ್ಲ, ಕೂಲಿಯೂ ಇಲ್ಲ, ಸೊಪ್ಪೂ ಇಲ್ಲ. ಇದನ್ನು ಸುಸ್ಥಿರವೆನ್ನಲು ಯಾವ ವಿಜ್ಞಾನ ಒಪ್ಪುತ್ತದೆ?

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ಒಂದೇ ಜಾತಿಯ ತೋಪುಗಳನ್ನು ಹಂತಹಂತವಾಗಿ ತೆಗೆದು ಆಯಾ ನೆಲದ ಮಿಶ್ರಜಾತಿಯ ಮರ ಬೆಳೆಸಬೇಕು. ಯಾವ ತೋಪಿಗೂ ಮೊದಲು ಅಲ್ಲಿನ ಮಣ್ಣಿನ ಆಳ, ಬಾವಿಯ ಮಟ್ಟ ಅಳೆದು, ವರ್ಷವರ್ಷದ ಅಂಕಿಗಳನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಬೇಕು. ಉಪಗ್ರಹದ ನಕಾಶೆ ರೇಂಜರ ಕಚೇರಿಯಲ್ಲಿ ಬೀಗ ಹಾಕಿಕೊಂಡಿರದೆ ಪಂಚಾಯ್ತಿಯ ಗೋಡೆಯ ಮೇಲಿರಬೇಕು. ಸಮುದಾಯದ ಕಾಡನ್ನು ರಕ್ಷಿಸಿ ನಿರ್ವಹಿಸುವ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯಿದೆ ಕಾಡುವಾಸಿಗಳಿಗೆ ಕೊಟ್ಟಿದೆ. ಅದನ್ನು ಕಾಗದದಿಂದ ಕಾಡಿಗಿಳಿಸಬೇಕು.

ಅಳತೆಗೋಲು ವಿಜ್ಞಾನಿ ಕೊಡಲಿ. ಅದನ್ನು ಹಿಡಿಯುವ ಕೈ ಮಾತ್ರ ಊರಿನದಾಗಬೇಕು. ಸರ್ಕಾರ ತಾನಾಗಿ ಬಿಟ್ಟುಕೊಡದಿದ್ದರೆ, ಕುಸನೂರಿನ ದಾರಿ ನಮಗೆ ಮರೆತಿಲ್ಲ.