ಬುಲ್ ಕ್ರಾಸ್ ನಾಯಿ ನಮ್ಮ ಬಯಲಿಗೆ ಯಾಕೆ?

ಮುಧೋಳ ನಾಯಿಗೆ ಪಿಟ್‌ಬುಲ್ ಬೆರೆಸಿದ ಮರಿ ತಂದು ಸಾಕಿದರೆ ಹಂದಿ ಕಾಟ ತೀರಿತು, ಮೊಲದ ಬೇಟೆಗೂ ಆಯಿತು ಅನ್ನುವ ಮಾತು ಈಗ ಕೆಜಿಎಫ್, ಬಂಗಾರಪೇಟೆ ಕಡೆಯ ಹುಡುಗರಲ್ಲಿ ಕೇಳಿಬರುತ್ತದೆ. ಮೊಬೈಲಿನಲ್ಲಿ ನೋಡಿದ ಹೊರದೇಶದ ವಿಡಿಯೋಗಳೇ ಇದಕ್ಕೆ ಗುರು. ಅಗಲ ತಲೆ, ಉದ್ದ ಕಾಲು, ಎದೆ ತುಂಬ ಮಾಂಸ, ನೋಡಲು ಗತ್ತಾಗಿಯೇ ಇರುತ್ತದೆ. ಆದರೆ ನಮ್ಮ ಅಭಿಪ್ರಾಯ ಬೇರೆ. ಈ ನಾಯಿ ನಮ್ಮ ಹೊಲಕ್ಕೂ ಆಗುವುದಿಲ್ಲ, ನಮ್ಮ ಬಯಲಿಗೂ ಆಗುವುದಿಲ್ಲ. ಕಾನೂನಿನ ಮಾತು ಆಮೇಲೆ. ಮೊದಲು ನಾಯಿಯ ಮಾತೇ ಆಡೋಣ.

ಇಂಥ ಬೆರಕೆ ಹೊಸದೇನಲ್ಲ. ಇಂಗ್ಲೆಂಡಿನಲ್ಲಿ ಗ್ರೇಹೌಂಡಿಗೆ ಕುರಿ ಕಾಯುವ ನಾಯಿಯನ್ನು ಬೆರೆಸಿ ಹುಟ್ಟಿಸಿದ ನಾಯಿಗೆ ಲರ್ಚರ್ ಅಂತಾರೆ. ಓಟ ಗ್ರೇಹೌಂಡಿನದು, ಬುದ್ಧಿ ಕುರಿನಾಯಿಯದು. ಬಡವರು ಮೊಲ ಹಿಡಿದು ಸಾರು ಮಾಡಿಕೊಳ್ಳಲು ಸಾಕಿದ ನಾಯಿ ಅದು. ಕೆಲವರು ಕುರಿನಾಯಿಯ ಬದಲು ಬುಲ್ ಟೆರಿಯರ್ ಜಾತಿಯನ್ನು ಸೇರಿಸಿದರು. ಅದೇ ಬುಲ್ ಕ್ರಾಸ್. ಓಡಿ ಹಿಡಿಯುವುದಷ್ಟೇ ಅಲ್ಲ, ಹಿಡಿದದ್ದನ್ನು ಬಿಡಲೂಬಾರದು ಅನ್ನುವುದು ಅವರ ಲೆಕ್ಕ. ಅಂದಹಾಗೆ, ಆ ಇಂಗ್ಲೆಂಡಿನಲ್ಲೇ 2004ರ ಕಾಯ್ದೆ ನಾಯಿ ಬಿಟ್ಟು ಕಾಡುಪ್ರಾಣಿ ಬೇಟೆಯಾಡುವುದನ್ನು ಬಹುಪಾಲು ನಿಲ್ಲಿಸಿದೆ. ಅವರು ಬಿಟ್ಟ ಚಾಳಿಯ ವಿಡಿಯೋ ನೋಡಿ ನಾವು ಮರಿ ಹುಡುಕುತ್ತಿದ್ದೇವೆ.

ಈಗ ನಮ್ಮ ಓಟದ ನಾಯಿಯನ್ನು ನೋಡಿ. ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ ಘೋರ್ಪಡೆ ರಾಜರು ಪೋಷಿಸಿದ ತಳಿ ಇದು. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. ಉದ್ದ ಮೂತಿ, ಆಳವಾದ ಎದೆಗೂಡು, ಒಳಕ್ಕೆ ಎಳೆದುಕೊಂಡ ಹೊಟ್ಟೆ, ತೆಳು ಚರ್ಮ. ಗಡಿಯಾಚೆ ತಮಿಳುನಾಡಿನಿಂದ ನಮ್ಮ ಕಡೆಗೆ ಬರುವ ಚಿಪ್ಪಿಪಾರೈ, ಕನ್ನಿ ನಾಯಿಗಳದೂ ಹೆಚ್ಚು ಕಡಿಮೆ ಇದೇ ಮೈಕಟ್ಟು. ಇವು ಮೂಸಿ ಬೇಟೆಯಾಡುವ ನಾಯಿಗಳಲ್ಲ, ಕಣ್ಣಿನಿಂದ ಬೇಟೆಯಾಡುವವು. ದೂರದಲ್ಲಿ ಏನೋ ಅಲುಗಿದರೆ ಸಾಕು, ಹೊರಟೇ ಬಿಡುತ್ತವೆ. ಮೈಯಲ್ಲಿ ಕೊಬ್ಬು ಕಡಿಮೆ ಇರುವುದರಿಂದ ಬಿಸಿಲನ್ನೂ ತಕ್ಕಮಟ್ಟಿಗೆ ತಡೆಯುತ್ತವೆ.

ಬುಲ್ ಜಾತಿಯ ಹುಟ್ಟೇ ಬೇರೆ. ಕಟ್ಟಿಹಾಕಿದ ಗೂಳಿಯ ಮೇಲೆ ನಾಯಿ ಬಿಟ್ಟು ಮೋಜು ನೋಡುವ ಆಟ ಒಂದು ಕಾಲಕ್ಕೆ ಇಂಗ್ಲೆಂಡಿನಲ್ಲಿತ್ತು. 1835ರಲ್ಲಿ ಅದನ್ನು ನಿಷೇಧಿಸಿದರು. ಆ ಆಟಕ್ಕೆ ಬೇಕಾಗಿದ್ದು ಗಟ್ಟಿ ದವಡೆ, ನೋವು ಲೆಕ್ಕಿಸದ ಹಟ, ಕಚ್ಚಿದ್ದನ್ನು ಬಿಡದ ಗುಣ. ಓಟ ಬೇಕಾಗಿರಲಿಲ್ಲ, ಗೂಳಿ ಗೂಟಕ್ಕೆ ಕಟ್ಟಿರುತ್ತಿತ್ತಲ್ಲ.

ಈ ಎರಡನ್ನೂ ಬೆರೆಸಿದರೆ ಓಟವೂ ಹಿಡಿತವೂ ಒಂದೇ ನಾಯಿಯಲ್ಲಿ ಬರುತ್ತದೆ ಅಂತ ಮಾರುವವರು ಹೇಳುತ್ತಾರೆ. ಒಂದೊಂದು ಮರಿಯಲ್ಲಿ ಬರಲೂಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಬೆರಕೆ ಅಂದರೆ ಲಾಟರಿ. ಒಂದೇ ಸೂಲಿನಲ್ಲಿ ಒಂದು ಮರಿ ತಾಯಿಯಂತೆ ತೆಳ್ಳಗೆ, ಇನ್ನೊಂದು ಅಪ್ಪನಂತೆ ದಪ್ಪ. ಮೈ ತೂಕ ಹೆಚ್ಚಾದಷ್ಟೂ ಓಟ ತಗ್ಗುತ್ತದೆ, ತಿರುವು ನಿಧಾನವಾಗುತ್ತದೆ. ನಾಯಿಗೆ ಮನುಷ್ಯರ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಅದು ತಂಪಾಗಬೇಕು. ಮೂತಿ ಗಿಡ್ಡ, ಮೈ ದಪ್ಪ ಆದರೆ ಆ ಕೆಲಸ ಕಷ್ಟ. ಏಪ್ರಿಲ್ ತಿಂಗಳ ಕೋಲಾರದ ಬಿಸಿಲಿನಲ್ಲಿ ಅಂಥ ನಾಯಿ ಸ್ವಲ್ಪ ದೂರ ಓಡಿ ಕುಸಿದರೆ ಆಶ್ಚರ್ಯ ಬೇಡ. ಮೊಲದ ಹಿಂದೆ ಓಡುವ ಪಂದ್ಯವಾದರೆ ಶುದ್ಧ ಓಟದ ನಾಯಿಯ ಮುಂದೆ ಬುಲ್ ಕ್ರಾಸ್ ಲೆಕ್ಕಕ್ಕಿಲ್ಲ. ಬುಲ್ ಕ್ರಾಸ್ ಸಾಕುವವರೂ ಇದನ್ನು ಒಪ್ಪುತ್ತಾರೆ.

ಹಂದಿಗಾದರೆ ಬುಲ್ ಕ್ರಾಸೇ ಬೇಕು ಅನ್ನುವುದು ಅವರ ಮುಂದಿನ ವಾದ. ಇದರಲ್ಲಿ ಅರ್ಧ ನಿಜವಿದೆ. ತೆಳು ಚರ್ಮದ ಮುಧೋಳ ನಾಯಿಯನ್ನು ಗಂಡು ಹಂದಿಯ ಮುಂದೆ ಬಿಟ್ಟರೆ ಕೋರೆಯ ಒಂದು ಏಟಿಗೆ ಹೊಟ್ಟೆ ಸೀಳುತ್ತದೆ. ಆದರೆ ಬುಲ್ ಕ್ರಾಸಿನ ಗತಿಯೂ ಅದೇ. ಅದಕ್ಕೆ ಹಿಂದೆ ಸರಿಯುವ ಬುದ್ಧಿ ಇಲ್ಲ, ಆ ಬುದ್ಧಿಯನ್ನು ತೆಗೆದುಹಾಕಿಯೇ ಆ ಜಾತಿಯನ್ನು ಮಾಡಿದ್ದು. ತಮಿಳುನಾಡಿನ ಕೊಂಬೈ ನಾಯಿಯನ್ನು ನೋಡಿ. ಹಂದಿ ಬೇಟೆಗೆ ಹೆಸರಾದ ನಾಡತಳಿ ಅದು, ಪಿಟ್‌ಬುಲ್ಲಿನ ರಕ್ತ ಅದಕ್ಕೆ ಬೇಕಾಗಲಿಲ್ಲ.

ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಕಡಲೆಕಾಯಿ ಹೊಲದ ರೈತನಿಗೆ ಬೇಕಾಗಿರುವುದು ಏನು? ಹಂದಿ ಸಾಯುವುದಾ, ಹೊಲ ಬಿಟ್ಟು ಹೋಗುವುದಾ? ಹೋದರೆ ಸಾಕು ಅಂತಾದರೆ ಬೊಗಳುವ ನಾಯಿ ಬೇಕು. ಓಟದ ನಾಯಿ ಸದ್ದಿಲ್ಲದೆ ಓಡುತ್ತದೆ, ಬುಲ್ ಕ್ರಾಸ್ ಸದ್ದಿಲ್ಲದೆ ಹಿಡಿಯುತ್ತದೆ. ಗುಡಿಸಲಲ್ಲಿ ಮಲಗಿದವನನ್ನು ಎಬ್ಬಿಸುವುದು, ಹಂದಿಗೆ ಇಲ್ಲಿ ಜನ ಇದ್ದಾರೆ ಅಂತ ತಿಳಿಸುವುದು ನಮ್ಮ ಊರ ನಾಯಿಯೇ. ಮುದ್ದೆಯ ಚೂರು, ಮಜ್ಜಿಗೆ ಅನ್ನ ತಿಂದು ರಾತ್ರಿಯಿಡೀ ಕೂಗುವ ಎರಡು ಊರ ನಾಯಿ, ಸಾವಿರಾರು ರೂಪಾಯಿ ಕೊಟ್ಟು ತಂದು ಕೋಳಿ ಮಾಂಸ ಹಾಕಿ ಸಾಕುವ ಒಂದು ಬುಲ್ ಕ್ರಾಸಿಗಿಂತ ಹೊಲಕ್ಕೆ ಲೇಸು. ಇದನ್ನು ಹೇಳಿದರೆ ಹುಡುಗರು ನಗುತ್ತಾರೆ. ಊರ ನಾಯಿಯ ಜೊತೆ ರೀಲ್ಸ್ ಮಾಡಿದರೆ ಲೈಕ್ ಬರಲ್ಲವಲ್ಲ!

ಕಾಮಸಮುದ್ರದ ಕಡೆಯವರಿಗೆ ಒಂದು ಮಾತು. ನಿಮ್ಮಲ್ಲಿ ಆನೆಯೂ ಬರುತ್ತದೆ. ಆನೆಯನ್ನು ಕೆಣಕಿದ ನಾಯಿ ಹೆದರಿದಾಗ ಓಡಿ ಬರುವುದು ಯಜಮಾನನ ಹತ್ತಿರಕ್ಕೇ, ಹಿಂದೆ ಆನೆಯನ್ನೂ ಕರೆದುಕೊಂಡು. ಅಲ್ಲಿ ಯಾವ ಜಾತಿಯ ನಾಯಿಯನ್ನೂ ರಾತ್ರಿ ಬಿಚ್ಚಿ ಬಿಡಬೇಡಿ.

ಇನ್ನು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದಷ್ಟೇ ಅಲ್ಲ. ಅಟ್ಟಿಸಿಕೊಂಡು ಹೋಗುವುದು, ಹಿಡಿಯುವುದು, ಅದಕ್ಕೆ ಪ್ರಯತ್ನಪಡುವುದು ಎಲ್ಲವೂ ಬೇಟೆಯೇ. ಗನ್ ಇರಲಿಲ್ಲ ಸಾರ್, ನಾಯಿ ಮಾತ್ರ ಇತ್ತು ಅಂದರೆ ಬಿಡುವುದಿಲ್ಲ. ಮೊಲ, ಕಾಡುಹಂದಿ, ನರಿ ಎಲ್ಲವೂ ಆ ಕಾಯ್ದೆಯ ಪಟ್ಟಿಯಲ್ಲಿವೆ. ಬೆಳೆ ಹಾಳುಮಾಡುವ ಹಂದಿಯ ವಿಷಯದಲ್ಲಿ ಅರಣ್ಯ ಅಧಿಕಾರಿಗಳು ಬರವಣಿಗೆಯಲ್ಲಿ ಅನುಮತಿ ಕೊಡಲು ಅವಕಾಶವಿದೆ. ಆದರೆ ಅದು ನಾವಾಗಿಯೇ ನಾಯಿ ಬಿಡಲು ಕೊಟ್ಟ ಲೈಸೆನ್ಸ್ ಅಲ್ಲ. ವಿಡಿಯೋ ಮಾಡಿ ಸ್ಟೇಟಸ್ ಹಾಕುವವರಂತೂ ತಮ್ಮ ವಿರುದ್ಧ ತಾವೇ ಸಾಕ್ಷಿ ಕೊಟ್ಟ ಹಾಗೆ.

ನಮಗೆ ಹೆಚ್ಚು ಭಯವಿರುವುದು ಕೃಷ್ಣಮೃಗದ ಬಗ್ಗೆ. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿತು. ಕೋರಮಂಡಲ್, ಚಾಂಪಿಯನ್ ರೀಫ್, ಮಾರಿಕುಪ್ಪಂ ಕಡೆ ಸಾವಿರಾರು ಮನೆಗಳ ಅನ್ನ ಹೋಯಿತು. ಕೆಜಿಎಫ್ ಸುತ್ತ ಖಾಲಿ ಉಳಿದ ಗಣಿ ಜಮೀನು, ಕುರುಚಲು ಬಯಲಿನಲ್ಲಿ ಕೃಷ್ಣಮೃಗಗಳು ಮಾತ್ರ ಬಾಳುತ್ತಿವೆ. ಬೀದಿ ನಾಯಿಗಳ ಕಾಟವೇ ಅವಕ್ಕೆ ಸಾಕಷ್ಟಿದೆ. ಅಂಥ ಕಡೆ ಕಣ್ಣಿಗೆ ಬಿದ್ದದ್ದನ್ನು ಅಟ್ಟುವ ನಾಯಿಗೆ, ಹಿಡಿದದ್ದನ್ನು ಬಿಡದ ರಕ್ತವನ್ನೂ ಸೇರಿಸಿ ತಂದು ಬಿಟ್ಟರೆ ಏನಾಗುತ್ತದೆ? ಮೊಲಕ್ಕೆ ಅಂತ ಬಿಟ್ಟ ನಾಯಿಗೆ ಇದು ಜಿಂಕೆ, ಇದು ಒಂದನೇ ಪಟ್ಟಿಯ ಪ್ರಾಣಿ ಅಂತ ಗೊತ್ತಾಗುವುದಿಲ್ಲ. ಜೈಲಿಗೆ ಹೋಗುವುದು ನಾಯಿಯಲ್ಲ. ಒಂದನೇ ಪಟ್ಟಿಯ ಪ್ರಾಣಿಯಾದರೆ 3ರಿಂದ 7 ವರ್ಷದ ಶಿಕ್ಷೆ. ಕೂಲಿಗೆ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿಬರುವ ಮನೆಯ ಹುಡುಗನಿಗೆ ಅದು ಬದುಕೇ ಮುಗಿದ ಹಾಗೆ.

ಪಿಟ್‌ಬುಲ್ ಸಾಕುವುದೇ ಅಪರಾಧ ಅಂತ ನಾವು ಹೇಳುತ್ತಿಲ್ಲ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್ ಸೇರಿ 23 ತಳಿಗಳನ್ನು, ಅವುಗಳ ಬೆರಕೆಯನ್ನೂ ಸೇರಿಸಿ, ತಡೆಯಲು ಸುತ್ತೋಲೆ ಹೊರಡಿಸಿತ್ತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಹಾಗಾಗಿ ಪ್ರಶ್ನೆ ನಿಷೇಧದ್ದಲ್ಲ, ಸಾಕುವವನ ಮನೆಯದ್ದು. ಹಳ್ಳಿಯ ಮನೆಗೆ ಕಾಂಪೌಂಡ್ ಇರುವುದಿಲ್ಲ. ಮಕ್ಕಳು, ಮೇಕೆ, ಕೋಳಿ ಎಲ್ಲ ಒಂದೇ ಅಂಗಳ. ಬೇಟೆಗೆ ಅಂತ ಕೆರಳಿಸಿ ಬೆಳೆಸಿದ ನಾಯಿ ಹಗಲೆಲ್ಲ ಮೊಳ ಉದ್ದದ ಸರಪಳಿಯಲ್ಲಿ ನಿಂತಿರುತ್ತದೆ. ಒಂದು ದಿನ ಸರಪಳಿ ತುಂಡಾದಾಗ ಎದುರಿಗೆ ಬರುವುದು ಹಂದಿಯಲ್ಲ, ಪಕ್ಕದ ಮನೆಯ ಮಗು.

ಓಟದ ನಾಯಿಯ ಮೇಲೆ ನಿಜವಾಗಿ ಪ್ರೀತಿ ಇರುವವರು ಮುಧೋಳ ಸಮೀಪದ ತಿಮ್ಮಾಪುರಕ್ಕೆ ಒಮ್ಮೆ ಹೋಗಿ ಬನ್ನಿ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಅಲ್ಲಿದೆ, ತಳಿ ಕಾಯುವ ಕೆಲಸ ಅಲ್ಲಿ ನಡೆಯುತ್ತದೆ. ಸೇನೆಯವರು ಕೂಡ ಮುಧೋಳ ನಾಯಿಯನ್ನು ತರಬೇತಿಗೆ ತೆಗೆದುಕೊಂಡಿದ್ದಾರೆ. ಎಲ್ಲಿಂದ ಮರಿ ತಂದರೂ ಎಂಟು ವಾರ ತುಂಬಿರಲಿ, ಅದಕ್ಕಿಂತ ಸಣ್ಣದನ್ನು ಮಾರುವಂತಿಲ್ಲ. ತಂದ ಮೇಲೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ. ಹಂದಿ ತಿಂದ ಬೆಳೆಗೆ ಅರಣ್ಯ ಇಲಾಖೆಯಲ್ಲಿ ಪರಿಹಾರದ ಅರ್ಜಿ ಕೊಡಿ. ಹೊಲದಲ್ಲಿ ಮೊದಲ ಹೆಜ್ಜೆ ಕಂಡ ದಿನವೇ ಫೋಟೋ ತೆಗೆದಿಟ್ಟುಕೊಳ್ಳಿ, ಪಹಣಿ ಜೊತೆಗಿರಲಿ.